ಇಪ್ಪತ್ತು ನಿಮಿಷದ ಚಾರ್ಜಿಂಗ್

ಸಿನಿಮಾದಲ್ಲಿ ಹೀರೋ ಎಂಟ್ರಿ ಅಂದರೆ ಮೊದಲು ಬೂಟು ಕಾಣಬೇಕು, ಆಮೇಲೆ ಧೂಳು, ಆಮೇಲೆ ಮುಖ. ನವಿ ಮುಂಬಯಿಯ ನೆರೂಳಿನ ಒಂದು ಕಾಲೇಜು ಕ್ಯಾಂಟೀನಿನಲ್ಲಿ ನನ್ನದು ಮೊದಲು ಕಂಡದ್ದು ಬೆನ್ನು. ಮೇಜಿನ ಕೆಳಗೆ ತಲೆ ಹಾಕಿ, ಜಾರಿಬಿದ್ದ ಒಂದು ಪೆನ್ನು ಹುಡುಕುತ್ತಿದ್ದೆ.

“ಎಂತ ಕರ್ಮದ ಕಾರ್ಡಪ್ಪ ಇದು,” ಎಂದು ಮೇಲಿನಿಂದ ಒಂದು ದನಿ ತನ್ನಷ್ಟಕ್ಕೆ ಗೊಣಗಿತು.

ಕನ್ನಡ. ಎಲ್ಲರೂ ಹಿಂದಿಯಲ್ಲಿ ಬೈಯುವ ಜಾಗದಲ್ಲಿ ಒಬ್ಬಳು ಕನ್ನಡದಲ್ಲಿ ಗೊಣಗುತ್ತಿದ್ದಾಳೆ. ಅವಸರದಲ್ಲಿ ಎದ್ದವನು ತಲೆಯನ್ನು ಮೇಜಿಗೆ ಸರಿಯಾಗಿ ಕುಟ್ಟಿಸಿಕೊಂಡೆ.

“ತಪ್ಪು ಕಾರ್ಡಿಂದಲ್ಲ ಮೇಡಂ. ಅದಕ್ಕೆ ಹಸಿವಾಗಿದೆ ಅಷ್ಟೇ,” ಎಂದೆ, ನೆತ್ತಿ ಉಜ್ಜಿಕೊಳ್ಳುತ್ತ.

ಅವಳು ನನ್ನ ನೆತ್ತಿ ನೋಡಿದಳು, ಮೇಜು ನೋಡಿದಳು, ನಗಬಾರದು ಎಂದು ತುಟಿ ಕಚ್ಚಿದಳು. ನಗು ಮಾತ್ರ ಕಣ್ಣಿನ ಕಡೆಯಿಂದ ತಪ್ಪಿಸಿಕೊಂಡು ಹೊರಗೆ ಬಂತು. ಕೆಂಪು ದಾರದಲ್ಲಿ ಕಾಲೇಜಿನ ಐಡಿ ಕಾರ್ಡು: ಅಪರ್ಣಾ ಆರ್. ಭಟ್, ಲೈಬ್ರರಿ.

“ಕನ್ನಡ ಬರ್ತದಾ ನಿಮಗೆ?”

“ಬರುತ್ತಾ ಅಂತ ಕೇಳ್ತೀರಾ? ಈ ಎದೆ ಬಡ್ಕೊಳ್ಳೋದೇ ಕನ್ನಡದಲ್ಲಿ ಕಣ್ರೀ.”

“ಇದು ಎಲ್ಲಿಯ ಕನ್ನಡ? ಬೆಂಗಳೂರಿನವರಾ ನೀವು?”

“ಇಲ್ಲೇ ಪಕ್ಕದ ಕಾಮೋಠೆ. ಮನೇಲಿ ತುಳು, ಬೀದೀಲಿ ಮರಾಠಿ. ಕನ್ನಡ ಕಲ್ಸಿದ್ದು ಟೀವಿ.”

“ಹಾಗೆ ಹೇಳಿ. ಮಾತು ಮುಗಿದ ಮೇಲೆ ಮ್ಯೂಸಿಕ್ ಬರ್ತದಾ ಅಂತ ಕಾಯ್ತಿದ್ದೆ.”

ಆ ಕಾರ್ಡಿನ ಕತೆ ಇಷ್ಟು. 2016ರ ಆಗಸ್ಟ್. ನಾನು ಕೆಲಸ ಮಾಡುತ್ತಿದ್ದ ವಾಶಿಯ ಪುಟ್ಟ ಕಂಪನಿ, ಒಳಗೆ ಬ್ಯಾಟರಿ ಇರುವ ಪೇಮೆಂಟ್ ಕಾರ್ಡು ಮಾಡಿತ್ತು. ನೋಡಲು ಎಟಿಎಂ ಕಾರ್ಡಿನಂತೆಯೇ. ಮೂಲೆಯಲ್ಲಿ ಮಾತ್ರ ಉಗುರಿನಷ್ಟು ಸ್ಕ್ರೀನು. ಪಕ್ಕದ ಚುಕ್ಕಿ ಒತ್ತಿದರೆ ಆರು ಅಂಕಿ ಮೂಡುತ್ತವೆ, ಪ್ರತಿ ಸಲವೂ ಬೇರೆ. ಆ ಅಂಕಿ ಇಲ್ಲದೆ ದುಡ್ಡು ಹೋಗುವುದಿಲ್ಲ. ಬ್ಯಾಟರಿ ಮುಗಿದರೆ ಸ್ಕ್ರೀನು ಕಪ್ಪು, ಕಾರ್ಡು ಬರೀ ಪ್ಲಾಸ್ಟಿಕ್ಕು. ಚಾರ್ಜ್ ಮಾಡಲು ವಯರು ಬೇಡ, ಪ್ಲಗ್ಗು ಬೇಡ. ಎನ್‌ಎಫ್‌ಸಿ ಎಂಬ ಸೌಕರ್ಯ ಇರುವ ಯಾವುದೇ ಸ್ಮಾರ್ಟ್‌ಫೋನಿನ ಬೆನ್ನಿಗೆ ತಾಗಿಸಿ ಇಟ್ಟರೆ ಸಾಕು, ಫೋನು ತನ್ನಲ್ಲಿದ್ದ ಕರೆಂಟನ್ನು ಸ್ವಲ್ಪ ಅದಕ್ಕೆ ದಾಟಿಸುತ್ತದೆ. ನಾಲ್ಕು ನಿಮಿಷಕ್ಕೆ ಭರ್ತಿ. ಒಂದು ವಾರ ಚಿಂತೆ ಇಲ್ಲ.

ಕಾಲೇಜಿನ ಸ್ಟಾಫಿಗೆಲ್ಲ ಆ ಕಾರ್ಡು ಕೊಟ್ಟು, ಸಂಬಳವನ್ನೂ ಅದಕ್ಕೇ ಹಾಕಿ, ಕೆಲವು ತಿಂಗಳು ಪರೀಕ್ಷೆ ಮಾಡುವುದು ಕಂಪನಿಯ ಪ್ಲ್ಯಾನು. ಹೇಗೆ ಬಳಸಬೇಕೆಂದು ಜನರಿಗೆ ಕಲಿಸಲು ಇಟ್ಟ ಪ್ರಾಣಿ ನಾನು, ರಿತೇಶ್ ಪೂಜಾರಿ, ವಯಸ್ಸು ಇಪ್ಪತ್ತನಾಲ್ಕು.

ಅಪರ್ಣಾಳ ಫೋನು ಗುಂಡಿ ಒತ್ತುವಂಥದ್ದು, ಮೂಲೆಗೆ ರಬ್ಬರ್ ಬ್ಯಾಂಡು. ಅದರಿಂದ ಏನೂ ಆಗುವಂತಿರಲಿಲ್ಲ. ಅವಳ ಕಾರ್ಡನ್ನು ನನ್ನ ಫೋನಿನ ಬೆನ್ನ ಮೇಲೆ ಇಟ್ಟೆ.

“ಎಷ್ಟು ಹೊತ್ತು?” ಎಂದಳು.

ನಾಲ್ಕು ನಿಮಿಷ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕಿವಿಯ ಹಿಂದೆ ಕೂದಲು ಸಿಕ್ಕಿಸಿದಳು. ಕಿವಿಯ ಹಾಲೆಯ ಕೆಳಗೆ ಒಂದು ಸಣ್ಣ ಮಚ್ಚೆ.

“ಇಪ್ಪತ್ತು ನಿಮಿಷ,” ಎಂದೆ.

“ಅಷ್ಟಾ?”

“ನಿಮ್ಮದು ಹಳೇ ಲಾಟ್ ಕಾರ್ಡು. ನಿಧಾನ ಕುಡಿಯುತ್ತೆ. ಇನ್ನೊಂದು ವಿಷ್ಯ, ಒಂದ್ಸಲ ಒಂದು ಫೋನಲ್ಲಿ ಚಾರ್ಜ್ ಮಾಡಿದ್ರೆ ಮುಗೀತು, ಆಮೇಲೆ ಬೇರೆ ಫೋನನ್ನ ಅದು ಒಪ್ಪಲ್ಲ. ಮಂಗಳವಾರ, ಶುಕ್ರವಾರ ತಪ್ಪದೆ ತರಬೇಕು.”

“ಇದೊಳ್ಳೆ ಪಥ್ಯ ಆಯ್ತಲ್ಲ,” ಎಂದು ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

ಅಂದು ಸಂಜೆ ನೆರೂಳ್ ಸ್ಟೇಷನ್ನಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ವಾರಕ್ಕೆ ನಲವತ್ತು ನಿಮಿಷ. ಅಷ್ಟು ಕಾಲ್‌ಶೀಟ್ ದೊಡ್ಡ ದೊಡ್ಡ ಹೀರೋಗಳಿಗೂ ಸಿಗುವುದಿಲ್ಲ ಎಂದುಕೊಂಡೆ.

*

ಆ ಇಪ್ಪತ್ತು ನಿಮಿಷಗಳಲ್ಲಿ ಅವಳ ಬಗ್ಗೆ ಎಲ್ಲ ತಿಳಿಯಿತು. ಮನೆ ಬದಲಾಪುರದಲ್ಲಿ. ಬೆಳಿಗ್ಗೆ ಆರೂವರೆಯ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು, ನೆರೂಳಿನ ಗಾಡಿ ಹಿಡಿಯಬೇಕು. ತಾಯಿ ತೀರಿಕೊಂಡು ಒಂಬತ್ತು ವರ್ಷ. ಮನೆಯಲ್ಲಿ ಇರುವುದು ಅಪ್ಪ ರಘುಪತಿ ಭಟ್ಟರು ಮತ್ತು ಅವಳು, ಇಬ್ಬರೇ. ಭಟ್ಟರು ಮೂವತ್ತೊಂದು ವರ್ಷ ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ಸಾಂಬಾರು ಕುದಿಸಿದವರು.

“ಅಪ್ಪನಿಗೆ ಎಷ್ಟು ಭಾಷೆ ಗೊತ್ತುಂಟು ಹೇಳಿ?” ಎಂದು ಒಮ್ಮೆ ಕೇಳಿದಳು.

“ಎಷ್ಟು?”

“ಐದು. ಈರುಳ್ಳಿಯವನ ಹತ್ರ ಮರಾಠಿ, ಗ್ಯಾಸಿನವನ ಹತ್ರ ಹಿಂದಿ, ಓನರ್ ಹತ್ರ ತುಳು, ಫುಡ್ ಇನ್ಸ್‌ಪೆಕ್ಟರ್ ಹತ್ರ ಇಂಗ್ಲಿಷ್. ನನ್ನ ಹತ್ರ ಮಾತ್ರ ಕನ್ನಡ.”

“ನನ್ನ ಹತ್ರ ಯಾವುದು ಮಾತಾಡ್ತಾರೆ?”

“ನಿಮ್ಮ ಹತ್ರ ಎಂತಕ್ಕೆ ಮಾತಾಡ್ಬೇಕು ಅವರು?” ಎಂದವಳು ಸಟ್ಟನೆ ತಲೆ ತಗ್ಗಿಸಿ ಟೀ ಗ್ಲಾಸಿನೊಳಗೆ ನೋಡತೊಡಗಿದಳು. ಗ್ಲಾಸು ಖಾಲಿಯಾಗಿ ಆಗಲೇ ಐದು ನಿಮಿಷ ಆಗಿತ್ತು.

ನನ್ನ ಗುಟ್ಟು ಒಡೆಯುವ ಹೊತ್ತೂ ಒಮ್ಮೆ ಬಂತು. ಲೈಬ್ರರಿಯಲ್ಲಿ ಅವಳ ಜೊತೆ ಕೆಲಸ ಮಾಡುವ ರಮಿತಾ, ಮಂಗಳೂರು ಕಡೆಯವಳು, ನಮ್ಮ ಮೇಜಿನ ಪಕ್ಕ ತಟ್ಟೆ ಹಿಡಿದು ನಿಂತಳು.

“ಇಪ್ಪತ್ತು ನಿಮಿಷವಾ? ನನ್ನದು ಚಾ ತಣಿಯುವ ಮೊದಲೇ ಆಗ್ತದಲ್ಲ.”

“ನಿಮ್ದು ಹೊಸ ಲಾಟ್,” ಎಂದೆ, ಮುಖ ಕಲ್ಲು ಮಾಡಿಕೊಂಡು.

“ನಮ್ಮಿಬ್ಬರಿಗೂ ಒಂದೇ ದಿನ ಕೊಟ್ಟದ್ದು ಕಾರ್ಡು.”

“ಒಂದೇ ದಿನ ಹುಟ್ಟಿದ ಅವಳಿಜವಳಿ ಮಕ್ಕಳೂ ಒಂದೇ ಥರ ಊಟ ಮಾಡಲ್ಲ ರಮಿತಕ್ಕ.”

ರಮಿತಾ ನನ್ನನ್ನು ನೋಡಿದಳು, ಅಪರ್ಣಾಳನ್ನು ನೋಡಿದಳು. “ಚಾರ್ಜ್ ಆಗ್ತಿರುವುದು ಕಾರ್ಡಾ ಅಥವಾ ಬೇರೆ ಎಂತದಾ,” ಎಂದು ಹೇಳಿಕೊಂಡು ಹೋದಳು. ಅಪರ್ಣಾಳ ಕಿವಿ ಕೆಂಪಾಯಿತು. ನಿಜ ಹೇಳಿ ನಕ್ಕುಬಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಅವಳೂ ನಗುತ್ತಿದ್ದಳು, ಒಂದು ಗುದ್ದು ಕೊಡುತ್ತಿದ್ದಳು, ಅಷ್ಟೇ. ಆದರೆ ನಿಜ ಹೇಳಿದರೆ ಶುಕ್ರವಾರ ಅವಳು ನಾಲ್ಕು ನಿಮಿಷಕ್ಕೆ ಎದ್ದು ಹೋಗುತ್ತಾಳಲ್ಲ ಎಂಬ ಭಯ. ಮುಂದಿನ ವಾರ ಹೇಳೋಣ ಎಂದುಕೊಂಡೆ. ಮುಂದಿನ ವಾರ ಅವಳು ನನ್ನನ್ನು ಮೊದಲ ಸಲ “ನೀನು” ಎಂದಳು. ಅದರಾಚೆಯ ವಾರ ನನಗೆಂದು ಅಪ್ಪ ಮಾಡಿದ ಕೆಸುವಿನೆಲೆಯ ಪತ್ರೊಡೆ ತಂದಳು. ಹೇಳುವ ವಾರ ಹಾಗೇ ಮುಂದೆ ಹೋಯಿತು.

ನವೆಂಬರಿನಲ್ಲಿ ನೋಟು ರದ್ದಾಯಿತು. ಎಟಿಎಂಗಳ ಮುಂದೆ ಕ್ಯೂ, ಒಳಗೆ ದುಡ್ಡಿಲ್ಲ. ಕಾಲೇಜಿನಲ್ಲಿ ನಾನು ಒಂದೇ ರಾತ್ರಿಯಲ್ಲಿ ಸ್ಟಾರ್ ಆದೆ. ಎಲ್ಲರ ಜೀವ ಆ ಕಾರ್ಡಿನಲ್ಲಿತ್ತು.

*

ಡಿಸೆಂಬರ್ ನಡುವಿನ ಒಂದು ಭಾನುವಾರ. ಕಾಮೋಠೆಯ ಮೈದಾನದಲ್ಲಿ ಫೀಲ್ಡಿಂಗ್ ಮಾಡುತ್ತಿದ್ದೆ. ಬೆಳಿಗ್ಗೆ ಹತ್ತೂವರೆಗೆ ಅವಳ ಫೋನು. ಭಾನುವಾರ ಅವಳು ಕರೆ ಮಾಡಿದ್ದು ಅದೇ ಮೊದಲು.

“ರಿತೇಶ, ಕಾರ್ಡಲ್ಲಿ ನಂಬರ್ ಬರ್ತಾ ಇಲ್ಲ. ಕಪ್ಪಾಗಿದೆ.”

ಹಿಂದಿನ ಎರಡು ಸಲ ಮಾತಿನ ಭರದಲ್ಲಿ ಕಾರ್ಡನ್ನು ಫೋನಿನ ಮೇಲೆ ಸರಿಯಾಗಿ ಇಟ್ಟಿರಲೇ ಇಲ್ಲ ಎಂದು ಆಮೇಲೆ ನೆನಪಾಯಿತು. ಆಗ ನೆನಪಾದದ್ದು ಒಂದೇ: ಭಾನುವಾರವೂ ಇವಳಿಗೆ ನನ್ನನ್ನು ನೋಡಬೇಕಾಗಿದೆ, ಅದಕ್ಕೊಂದು ನೆಪ ಹುಡುಕಿದ್ದಾಳೆ.

“ಇಲ್ಲಿ ಕೌಂಟರಿನವರ ಹತ್ರ ನಿನ್ನ ಹಾಗಿನದೇ ಫೋನ್ ಉಂಟು,” ಎಂದಳು. “ಅದರ ಮೇಲೆ ಇಟ್ಟು ನೋಡ್ಲಾ?”

ಒಂದು ಮಾತು. ಇಡು ಎಂದಿದ್ದರೆ ಮುಗಿಯುತ್ತಿತ್ತು.

“ಏನಂದೆ? ಪರಪುರುಷನ ಫೋನಾ?” ಎಂದೆ, ದನಿ ದಪ್ಪ ಮಾಡಿ. “ಆ ಕಾರ್ಡು ಒಬ್ಬನಿಗೇ ಒಲಿದದ್ದು ಕಣೇ. ಇನ್ನೊಬ್ಬನ ಫೋನ್ ಮುಟ್ಟಿದ್ರೆ ಅಲ್ಲೇ ಪ್ರಾಣ ಬಿಡುತ್ತೆ.”

ಮೈದಾನದಲ್ಲಿ ಯಾರೋ ಶಿಳ್ಳೆ ಹೊಡೆದರು. ಅತ್ತ ಅವಳು, “ರಿತೇಶ, ಅಲ್ಲ, ಕೇಳು,” ಎಂದು ಏನನ್ನೋ ಹೇಳಲು ಹೊರಟಳು. ನನ್ನ ಡೈಲಾಗು ಇನ್ನೂ ಮುಗಿದಿರಲಿಲ್ಲ. “ಬಾ ಅಪರ್ಣಾ, ಬಾ. ನೆರೂಳಿನ ಮೂರನೇ ನಂಬರ್ ಪ್ಲಾಟ್‌ಫಾರ್ಮು ನಿನಗೋಸ್ಕರ ಕಾಯ್ತಾ ಇರುತ್ತೆ.”

“ಸರಿ. ಬರ್ತೇನೆ,” ಎಂದು ಫೋನಿಟ್ಟಳು.

ಮನೆಗೆ ಓಡಿ ಸ್ನಾನ ಮಾಡಿದೆ. ಇಸ್ತ್ರಿ ಮಾಡಿದ ನೀಲಿ ಶರಟು ಹಾಕಿದೆ. ಸ್ಟೇಷನ್ನಿನ ಹೊರಗೆ ಒಂದು ಮೊಳ ಅಬ್ಬಲಿಗೆ ಹೂ ಕೊಂಡೆ. ಹಳಿ ರಿಪೇರಿಗೆಂದು ಗಾಡಿ ಕಡಿಮೆ ಮಾಡುವ ಭಾನುವಾರದ ಮೆಗಾಬ್ಲಾಕಿನಿಂದ ಸೆಂಟ್ರಲ್ ಲೈನಿನ ಗಾಡಿಗಳೆಲ್ಲ ತಡ. ಅವಳು ಇಳಿದಾಗ ಒಂದೂವರೆ.

ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದಕ್ಕೆ ಬಾತ್‌ರೂಮಿನ ಚಪ್ಪಲಿ. ಕೈಯಲ್ಲಿ ಆಸ್ಪತ್ರೆಯ ಫೈಲು. ಹೂವಿನ ಪೊಟ್ಟಣ ಹಿಡಿದ ಕೈಯನ್ನು ನಾನು ಬೆನ್ನ ಹಿಂದೆ ತೆಗೆದುಕೊಂಡೆ.

“ಅಪ್ಪನಿಗೆ ಸ್ಟ್ರೋಕ್ ಆಯ್ತು,” ಎಂದಳು. “ಬೆಳಿಗ್ಗೆ. ಮಾತಾಡ್ತಾ ಇದ್ದಾರೆ, ಆದ್ರೆ ಎಡಗೈ ಎತ್ತುದಿಲ್ಲ. ಟ್ರೀಟ್‌ಮೆಂಟ್ ಶುರು ಮಾಡಿದ್ದಾರೆ, ಸಂಜೆಯೊಳಗೆ ಡೆಪಾಸಿಟ್ ಕಟ್ಟಿ ಅಂದ್ರು. ಯಾವ ಎಟಿಎಂನಲ್ಲೂ ದುಡ್ಡಿಲ್ಲ. ಇರುವುದೆಲ್ಲ ಇದ್ರಲ್ಲೇ. ಪಕ್ಕದ ಮನೆ ದ್ರೌಪದಿ ಕಾಕುವನ್ನ ಅಲ್ಲಿ ಕೂರಿಸಿ ಬಂದೆ. ಬೇಗ ಮಾಡು ಮಾರಾಯ.”

ಕಲ್ಲುಬೆಂಚಿನ ಮೇಲೆ ಫೋನು ಮಗುಚಿ, ಅದರ ಬೆನ್ನ ಮೇಲೆ ಕಾರ್ಡಿಟ್ಟೆ. ಅವಳು ಗೋಡೆಯ ಗಡಿಯಾರ ನೋಡುತ್ತ ನಿಂತಳು. ನಾಲ್ಕು ನಿಮಿಷಕ್ಕೆ ತೆಗೆದು ಕೊಟ್ಟೆ.

“ಇಪ್ಪತ್ತಾಗ್ಲಿಲ್ಲ,” ಎಂದಳು.

“ಇವತ್ತು ಬೇಗ ಆಯ್ತು. ಫೋನ್ ಫುಲ್ ಇತ್ತಲ್ಲ, ಅದಕ್ಕೆ.”

ಆಗಲೂ ಸುಳ್ಳು. ಅವಳು ಚುಕ್ಕಿ ಒತ್ತಿದಳು, ಆರು ಅಂಕಿ ಮೂಡಿದವು. ಆ ಅಂಕಿಗಳನ್ನು ಕಂಡು ಅವಳಿಗೆ ಅಳು ಬಂತು. “ದೇವರ ಹಾಗೆ ಸಿಕ್ಕಿದೆ ನೀನು,” ಎಂದಳು.

ನಾನೂ ಅವಳ ಜೊತೆ ಗಾಡಿ ಹತ್ತಿದೆ. ಬದಲಾಪುರ ಮುಟ್ಟಿದಾಗ ನಾಲ್ಕು ಗಂಟೆ. ಆಸ್ಪತ್ರೆಯ ಕಾರಿಡಾರಿನಲ್ಲಿ ದ್ರೌಪದಿ ಕಾಕು ಸೆರಗಿನ ತುದಿ ಹಿಂಡುತ್ತ ಕೂತಿದ್ದರು. ಅಪರ್ಣಾಳನ್ನು ಕಂಡದ್ದೇ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡರು.

“ಬಾಬಾ ಖೂಪ್ ಬೋಲ್ಲೇ ಗ,” ಎಂದರು. ಅಪ್ಪ ತುಂಬ ಮಾತಾಡಿದರಂತೆ. ಉಳಿದದ್ದನ್ನು ಕಾಕು ಮರಾಠಿಯಲ್ಲಿ, ಅಳುತ್ತ, ಹಿಂದೆಮುಂದಾಗಿ ಹೇಳಿದರು. ಮಧ್ಯಾಹ್ನ ಹನ್ನೆರಡರಿಂದ ಭಟ್ಟರ ಬಾಯಿಗೆ ಮರಾಠಿ ಬರಲಿಲ್ಲ. ಹಿಂದಿಯೂ ಬರಲಿಲ್ಲ. ಕನ್ನಡ ಒಂದೇ ಉಳಿದಿತ್ತು. ಅರ್ಧ ಗಂಟೆ ಒಂದೇ ಸಮನೆ ಮಾತಾಡಿದರು. ಕಾಕುವಿನ ಕೈ ಹಿಡಿದು ಏನೋ ಕೇಳಿದರು, ಮತ್ತೆ ಮತ್ತೆ ಕೇಳಿದರು, ಆಮೇಲೆ ಸಮಾಧಾನದಲ್ಲಿ ಉದ್ದಕ್ಕೆ ಏನೋ ಹೇಳಿದರು. ಕಾಕು ವಾರ್ಡಿನಲ್ಲೆಲ್ಲ ಓಡಾಡಿ ಕಾನಡಿ, ಅಂದರೆ ಕನ್ನಡ, ಬರುವವರು ಯಾರಾದರೂ ಇದ್ದಾರಾ ಎಂದು ವಿಚಾರಿಸಿದರು. ಒಬ್ಬರೂ ಇರಲಿಲ್ಲ. ಅಪರ್ಣಾಳ ಫೋನಿಗೆ ಮಾಡಿದರೆ ಅದು ಗಾಡಿಯಲ್ಲಿ ಸಿಗಲಿಲ್ಲ.

“ನಾನು ಹೋ, ಹೋ ಅಂದೆ ಮಗಳೇ,” ಎಂದರು ಕಾಕು. ಮರಾಠಿಯಲ್ಲಿ ಹೋ ಅಂದರೆ ಹೌದು. “ಇನ್ನೇನು ಹೇಳಲಿ. ಹೋ, ಬಾಬಾ, ಹೋ ಅಂತ ಹೇಳ್ತಾನೇ ಇದ್ದೆ.”

ಎರಡು ಗಂಟೆಗೆ ಎರಡನೆಯ ಸ್ಟ್ರೋಕ್ ಆಯಿತು. ಆಮೇಲೆ ಅವರು ಮಾತಾಡಲಿಲ್ಲ. ಅಂದೂ ಇಲ್ಲ, ಮರುದಿನವೂ ಇಲ್ಲ.

ಅಪರ್ಣಾ ಹಾಸಿಗೆಯ ಪಕ್ಕ ಕೂತು, ಅಪ್ಪನ ಬಾಯಿಯ ಹತ್ತಿರ ಕಿವಿ ಇಟ್ಟು, “ಹೇಳಿ ಅಪ್ಪ, ಬಂದೆ ನಾನು, ಈಗ ಹೇಳಿ,” ಎನ್ನುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಜೇಬಿನಲ್ಲಿ ಅಬ್ಬಲಿಗೆ ಬಾಡಿತ್ತು.

*

ಭಟ್ಟರು ಬದುಕಿದರು. ಜನವರಿಯಲ್ಲಿ ಮನೆಗೆ ತಂದೆವು. ಹೌದು, ತಂದೆವು ಎನ್ನುವಷ್ಟು ನಾನು ಆ ಮನೆಯವನಾಗಿದ್ದೆ. ಪ್ರತಿ ಭಾನುವಾರ ಹೋಗಿ ಅವರಿಗೆ ಶೇವಿಂಗ್ ಮಾಡುತ್ತಿದ್ದೆ. ಬ್ರಶ್ಶನ್ನು ಮೈಕಿನಂತೆ ಹಿಡಿದು ಖಳನಾಯಕನ ದನಿಯಲ್ಲಿ, “ಭಟ್ರೇ, ಅಲ್ಲಾಡಿದ್ರೆ ಮೀಸೆ ಹೋಗುತ್ತೆ, ಮರ್ಯಾದೆಯಾಗಿ ಶರಣಾಗಿ,” ಎಂದರೆ ಅವರ ಬಾಯಿಯ ಬಲಗಡೆ ಮಾತ್ರ ನಗುತ್ತಿತ್ತು. ನಾನು ಬಾಗಿಲಿಗೆ ಬಂದ ಕೂಡಲೆ ಆ ಅರ್ಧ ನಗು ಶುರುವಾಗುತ್ತಿತ್ತು. ಡಾಕ್ಟರು ಮಾತು ಬರಬಹುದು, ಬಾರದೆಯೂ ಇರಬಹುದು ಎಂದಿದ್ದರು.

ಫೆಬ್ರುವರಿಯಲ್ಲಿ ಕಂಪನಿ ಪರೀಕ್ಷೆ ಮುಗಿಸಿ ಕಾರ್ಡುಗಳನ್ನೆಲ್ಲ ವಾಪಸು ಪಡೆಯಿತು. ಅಪರ್ಣಾಳ ಕಾರ್ಡನ್ನು ನಾನೇ ಡಬ್ಬಿಗೆ ಹಾಕಿ ಸೀಲು ಮಾಡಿದೆ. ಇನ್ನು ಇದು ಯಾರಿಗೂ ಗೊತ್ತಾಗುವುದಿಲ್ಲ, ಮುಗಿಯಿತು ಎಂದುಕೊಂಡೆ. ಅಂದು ರಾತ್ರಿ ಊಟ ಸೇರಲಿಲ್ಲ.

ಮಾರ್ಚಿನ ಒಂದು ಭಾನುವಾರ ಬೆಳಿಗ್ಗೆ, ಹನ್ನೊಂದು ಗಂಟೆ ಇರಬೇಕು. ಬಾಲ್ಕನಿಯ ತಂತಿಯಿಂದ ಅಪರ್ಣಾ ಬಟ್ಟೆ ತೆಗೆಯುತ್ತಿದ್ದಳು. ನಾನು ಕ್ಲಿಪ್ಪು ಹಿಡಿದು ನಿಂತಿದ್ದೆ.

“ನಾಡಿದ್ದು ವಿಷ್ಣುಮೂರ್ತಿ ಚಿಕ್ಕಪ್ಪ ಉಡುಪಿಯಿಂದ ಬರ್ತಾರೆ,” ಎಂದಳು, ಟವೆಲಿನ ಮಡಿಕೆಯನ್ನೇ ನೋಡುತ್ತ. “ಹೇಳಿಬಿಡುವ ಅಂತ ಇದ್ದೇನೆ.”

“ಏನನ್ನ?”

“ಮತ್ತೆಂತದು. ನಮ್ಮಿಬ್ಬರ ವಿಷಯ. ಜಾತಿ ಅಂತ ಕುಣೀತಾರೆ, ಕುಣೀಲಿ. ಆ ದಿನ ನೀನು ಆ ಬಿಸಿಲಲ್ಲಿ ಸ್ಟೇಷನಲ್ಲಿ ಕಾದು ನಿಲ್ಲದಿದ್ರೆ ನಾನು ಎಂತ ಮಾಡ್ತಿದ್ದೆ ಅಂತ ಅವರನ್ನೇ ಕೇಳ್ತೇನೆ.”

ಏಳು ತಿಂಗಳಿಂದ ನಾನು ಕಾಯುತ್ತಿದ್ದ ಮಾತು ಅದು. ಅವಳ ಕೆನ್ನೆಯ ಮೇಲೆ ತಂತಿಯ ದುಪಟ್ಟಾದ ಹಸಿರು ನೆರಳು. ಸುಮ್ಮನಿದ್ದರೆ ಇವಳು ನನ್ನವಳು.

“ಅಪರ್ಣಾ, ಹಳೇ ಲಾಟ್ ಅಂತ ಒಂದು ಇರ್ಲೇ ಇಲ್ಲ.”

“ಎಂತದು?”

“ಕಾರ್ಡು. ಎಲ್ಲ ಒಂದೇ ಲಾಟು. ಎಲ್ಲದಕ್ಕೂ ನಾಲ್ಕೇ ನಿಮಿಷ. ನನ್ನ ಫೋನೇ ಬೇಕು ಅಂತಾನೂ ಇರ್ಲಿಲ್ಲ. ಆ ಥರದ ಯಾವ ಫೋನಾದ್ರೂ ಆಗ್ತಿತ್ತು.”

ಅವಳ ಕೈ ಟವೆಲಿನ ಮೇಲೆ ನಿಂತಿತು. “ಯಾವ ಫೋನಾದ್ರೂ?”

“ಹೂಂ.”

“ಆ ಆಸ್ಪತ್ರೆ ಕೌಂಟರಿನವರದ್ದು?”

“ಹೂಂ.”

ಕೆಳಗೆ ಕರ್ಜತ್ ಕಡೆಯ ಗಾಡಿ ಹೋಯಿತು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅವಳು ಬಾಲ್ಕನಿಯ ಸ್ಟೂಲಿನ ಮೇಲೆ ಮೆಲ್ಲನೆ ಕೂತಳು.

“ಆ ದಿನ ನಿನ್ನ ಹತ್ರ ಬರುವಾಗ ಠಾಣೆಯಲ್ಲಿ ಗಾಡಿ ಇರ್ಲಿಲ್ಲ,” ಎಂದಳು. “ನಲವತ್ತು ನಿಮಿಷ ನಿಂತಿದ್ದೆ. ಅಷ್ಟು ಹೊತ್ತೂ ಕೃಷ್ಣನಿಗೆ ಒಂದೇ ಹೇಳ್ತಿದ್ದೆ, ರಿತೇಶನ ಫೋನಲ್ಲಿ ಬ್ಯಾಟರಿ ಇರ್ಲಿ ಅಂತ. ಅಪ್ಪನ ವಿಷಯ ಕೇಳ್ಲಿಕ್ಕೂ ನೆನಪಾಗ್ಲಿಲ್ಲ.”

ನಾನು ಕೈಯಲ್ಲಿದ್ದ ಕ್ಲಿಪ್ಪುಗಳನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದೆ.

“ಎಂತಕ್ಕೆ ಮಾಡಿದ್ದು ಹಾಗೆ?”

“ನೀನು ಎದ್ದು ಹೋಗ್ಬಾರ್ದು ಅಂತ. ಇಪ್ಪತ್ತು ನಿಮಿಷ ಕೂತಿರ್ಲಿ ಅಂತ.”

“ಸುಮ್ಮನೆ ಕೂತ್ಕೊ ಅಂದಿದ್ರೆ ಕೂತ್ಕೊಳ್ತಿದ್ದೆ ಮಾರಾಯ,” ಎಂದಳು ಅಪರ್ಣಾ. “ಮೊದಲ ದಿನವೇ ಕೂತ್ಕೊಳ್ತಿದ್ದೆ.”

ಅದನ್ನು ಅವಳು ಕೋಪದಿಂದ ಹೇಳಿದ್ದರೆ ಚೆನ್ನಾಗಿತ್ತು.

“ಅಪ್ಪ ಏನು ಹೇಳಿದ್ರು ಅಂತ ನನಗೆ ಯಾವತ್ತೂ ಗೊತ್ತಾಗುದಿಲ್ಲ ಅಲ್ವಾ,” ಎಂದು ತನ್ನನ್ನೇ ಕೇಳಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. “ಇಷ್ಟು ದಿನ ಹೇಳದವನು ಇವತ್ತು ಎಂತಕ್ಕೆ ಹೇಳಿದೆ?”

“ಇಲ್ದಿದ್ರೆ ನೀನು ಚಿಕ್ಕಪ್ಪನಿಗೆ ಹೇಳ್ತಿದ್ದದ್ದು ನನ್ನ ಕತೆಯಲ್ಲ, ಬೇರೆ ಯಾರದೋ ಕತೆ ಆಗ್ತಿತ್ತು.”

ಅವಳು ತಲೆಯಾಡಿಸಿದಳು. ಕಣ್ಣು ಒರೆಸಿಕೊಂಡು ಎದ್ದಳು. ನನ್ನ ಮುಷ್ಟಿಯನ್ನು ಬಿಡಿಸಿ ಬಟ್ಟೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದುಕೊಂಡಳು. ಅವಳ ಬೆರಳು ತಣ್ಣಗಿತ್ತು.

“ಇನ್ನು ಬರಬೇಡ ರಿತೇಶ. ನಿನ್ನ ಕಂಡ್ರೆ ಅಪ್ಪ ನಗ್ತಾರೆ. ಅದನ್ನ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಚೀಲ ಎತ್ತಿಕೊಂಡು ಬಾಗಿಲಿನತ್ತ ನಡೆದೆ. ಚಪ್ಪಲಿಗೆ ಕಾಲು ಹಾಕುವಾಗ ಹಿಂದಿನಿಂದ ಅವಳ ದನಿ ಬಂತು.

“ಅನ್ನ ಆಗಿದೆ. ಊಟದ ಹೊತ್ತಿಗೆ ಹಾಗೆ ಹೋಗ್ಬಾರ್ದು. ಕೂತ್ಕೊ.”

ಕೂತೆ. ಎದುರಿಗೆ ಭಟ್ಟರು, ಎದೆಗೆ ಟವೆಲು ಕಟ್ಟಿಕೊಂಡು, ಬಾಯಿಯ ಬಲಗಡೆಯಲ್ಲಿ ನಗುತ್ತ, ನಾನು ಏನಾದರೂ ಮಾಡುತ್ತೇನೆಂದು ಕಾಯುತ್ತಿದ್ದರು. ನಾನು ಹಪ್ಪಳವನ್ನು ಕನ್ನಡಕದಂತೆ ಕಣ್ಣಿಗೆ ಹಿಡಿದೆ. ಅವರ ಭುಜ ಕುಲುಕಿತು. ಅಪರ್ಣಾ ಅವರಿಗೆ ಒಂದು ತುತ್ತು ತಿನ್ನಿಸಿ, ಬಾಯಿ ಒರೆಸಿ, ಸಾರಿನ ಪಾತ್ರೆ ಹಿಡಿದು ನನ್ನ ಹತ್ತಿರ ಬಂದು ಬಗ್ಗಿದಳು.

ಅವರ ಮನೆಯಲ್ಲಿ ಬಡಿಸುವವರು ಬೇಕಾ ಎಂದು ಕೇಳುವುದಿಲ್ಲ. ಉಣ್ಣುವವನು ಸಾಕು ಎನ್ನಬೇಕು, ಆಗ ಸೌಟು ನಿಲ್ಲುತ್ತದೆ. ಅವಳು ನನ್ನ ಮುಖ ನೋಡದೆ ಸಾರು ಹಾಕಿದಳು. ಅನ್ನದ ಗುಳಿ ತುಂಬಿತು. ಇನ್ನೊಂದು ಸೌಟು ಹಾಕಿದಳು. ಸಾರು ಅನ್ನದ ದಂಡೆ ಒಡೆದು, ಪಲ್ಯವನ್ನು ಮುಳುಗಿಸಿ, ತಟ್ಟೆಯ ಅಂಚಿಗೆ ಬಂತು. ಸಾಕು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಅವಳೂ ನಿಲ್ಲಿಸಲಿಲ್ಲ.